‘ಬಂತು’ ಎಂದವಳು ನಿಂತ ಜಾಗ

“ಶಿವಣ್ಣ, ಟಾರು ರಸ್ತೆಯ ಮೇಲೆ ಗೊರವಂಕಗಳಿಗೆ ಏನು ಕೆಲಸ?”

ಪಿಎಸ್‌ಐ ಉಮರ್ ಫಾರೂಖ್ ಜೀಪಿನಿಂದ ಇಳಿಯದೆಯೇ ಕೇಳಿದ. ಸ್ಟಿಯರಿಂಗ್ ಹಿಡಿದಿದ್ದ ಹೆಡ್ ಕಾನ್‌ಸ್ಟೇಬಲ್ ಶಿವಣ್ಣ ಎದುರಿನ ರಸ್ತೆಯನ್ನೊಮ್ಮೆ ನೋಡಿದ.

“ಹಕ್ಕಿಗೆ ಇನ್ನೇನು ಕೆಲಸ ಸಾರ್, ಹೊಟ್ಟೆಪಾಡು.”

“ಅದನ್ನೇ ಕೇಳ್ತಿರೋದು. ಟಾರಿನಲ್ಲಿ ಹೊಟ್ಟೆಗೆ ಏನು ಸಿಗುತ್ತೆ?”

ಪುಷ್ಯದ ಚಳಿಗೆ ಶಿವಣ್ಣನ ಭುಜಗಳು ಕಿವಿಯವರೆಗೆ ಏರಿದ್ದವು.

“ನಿಮ್ಮ ಸ್ವೆಟರ್ ಎಲ್ಲಿ?”

“ಒಗೆಯೋಕೆ ಹಾಕಿದೀನಿ ಸಾರ್.”

“ಮೊನ್ನೆಯೂ ಅದನ್ನೇ ಹೇಳಿದ್ರಿ.”

“ಉಣ್ಣೆ ಸಾರ್. ಈ ಮಂಜಲ್ಲಿ ಎಲ್ಲಿ ಒಣಗುತ್ತೆ?”

ಉಮರ್ ಇಳಿದ. ಅಮ್ಮಸಂದ್ರಕ್ಕೂ ದಂಡಿನಶಿವರಕ್ಕೂ ನಡುವೆ ರಸ್ತೆ ಇಲ್ಲಿ ಮಾತ್ರ ದಾರ ಹಿಡಿದು ಎಳೆದಷ್ಟು ನೇರವಾಗಿತ್ತು. ಎರಡೂ ಬದಿಗೆ ತೆಂಗಿನ ತೋಟ. ಅಮ್ಮಸಂದ್ರದ ಕಡೆಯ ತುದಿಯಲ್ಲಿ ಸಿದ್ದಗಂಗಮ್ಮನ ಒಂಟಿ ಮನೆ. ದಂಡಿನಶಿವರದ ಕಡೆಗೆ, ನಲವತ್ತು ಮಾರು ಆಚೆ, ಒಂದು ಹೊಂಗೆಮರ. ಆ ಮರದಿಂದ ಸ್ವಲ್ಪ ಮುಂದೆ ಸುಣ್ಣದ ಗೆರೆಯೊಂದು ಇನ್ನೂ ಮಾಸದೆ ಉಳಿದಿತ್ತು. ಕೊಬ್ಬರಿ ದಲ್ಲಾಳಿ ದೊಡ್ಡರಂಗಯ್ಯ ಹೋದ ಶನಿವಾರ ಸೈಕಲ್ಲಿನ ಸಮೇತ ಬಿದ್ದಿದ್ದ ಜಾಗ ಅದು.

ಗೊರವಂಕಗಳು ಆ ಗೆರೆಯ ಹತ್ತಿರ ಒಂದೂ ಇರಲಿಲ್ಲ. ಮನೆಯಿಂದ ಮರದವರೆಗಿನ ನಲವತ್ತು ಮಾರಿನಲ್ಲಿ ಮಾತ್ರ ಅವು ಸಾಲಾಗಿ ಹೆಕ್ಕುತ್ತಿದ್ದವು.

ಉಮರ್ ಮೊಣಕಾಲೂರಿ ಕುಳಿತು, ಟಾರಿನ ಬಿರುಕಿನೊಳಗೆ ಪೆನ್ನಿನ ಮೊನೆ ತೂರಿಸಿದ. ಏನೋ ಸಿಡಿದು ಅಂಗೈಗೆ ಬಿತ್ತು. ಕಂದು ಬಣ್ಣದ, ಚಪ್ಪಟೆಯಾದ, ನುಣ್ಣನೆಯ ಕಾಳು.

ಹುರುಳಿ.

ಅವನು ಕೂಡಲೇ ಮೇಲೇಳಲಿಲ್ಲ. ಬಿಳಿ ವ್ಯಾನು ಗುದ್ದಿಸಿ ದೊಡ್ಡರಂಗಯ್ಯನನ್ನು ಕೊಂದವನು ಮೆಕ್ಯಾನಿಕ್ ಜುಬೇರ್ ಎಂದು ತೀರ್ಮಾನಿಸಿ ಅವನನ್ನು ಸಬ್‌ಜೈಲಿಗೆ ಕಳಿಸಿದ್ದವನು ಉಮರ್‌ನೇ. ಆ ತೀರ್ಮಾನದ ಒಂದು ಕಂಬ ಈಗ ಅವನ ಅಂಗೈಯಲ್ಲಿ ಮುರಿದು ಬಿದ್ದಿತ್ತು.

ಸ್ಟೇಷನ್ನಿನಲ್ಲಿ ಜುಬೇರ್ ಹೇಳಿದ್ದ: “ರಸ್ತೆ ತುಂಬಾ ಹುರುಳಿ ಹರಡಿದ್ರು ಅಣ್ಣ. ಜಾರುತ್ತೆ ಅಂತ ಸೆಕೆಂಡ್ ಗೇರಲ್ಲಿ ಮೆಲ್ಲಗೆ ಬಂದೆ. ನಾನು ಬರೋವಾಗ ಅಲ್ಲಿ ಯಾರೂ ಬಿದ್ದಿರ್ಲಿಲ್ಲ.”

ಉಮರ್ ಸ್ಥಳ ನೋಡಿದ್ದ. ರಸ್ತೆ ಬೋಳಾಗಿತ್ತು. ಒಂದು ಕಡ್ಡಿಯೂ ಇರಲಿಲ್ಲ. ಸುಳ್ಳು ಹೇಳುವವನು ಅಪರಾಧಿ ಎಂಬ ಸರಳ ಸೂತ್ರವನ್ನು ಅವನು ಒಪ್ಪಿಕೊಂಡಿದ್ದ. ಜುಬೇರ್‌ಗೆ ಅವನು ಕೊಟ್ಟಿದ್ದ ಉತ್ತರ ಒಂದೇ: “ಅಣ್ಣ ಅನ್ನಬೇಡ. ಸಾರ್ ಅನ್ನು.”

ಜುಬೇರ್ ಕೆಲಸ ಕಲಿತದ್ದು ಉಮರ್‌ನ ತಂದೆ ಅಬ್ದುಲ್ ರಹೀಮ್ ಅವರ ಗ್ಯಾರೇಜಿನಲ್ಲಿ. ‘ತನ್ನವನನ್ನು ಬಿಟ್ಟುಬಿಟ್ಟ’ ಎಂಬ ಮಾತು ತಿಪಟೂರಿನಿಂದ ತುರುವೇಕೆರೆಯವರೆಗೆ ಯಾವ ಹೋಟೆಲಿನ ಬೆಂಚಿನ ಮೇಲೂ ಹುಟ್ಟಬಾರದೆಂದು ಉಮರ್ ಎಚ್ಚರ ವಹಿಸಿದ್ದ. ಆ ಎಚ್ಚರದಲ್ಲಿ ಅವನು ಬೇರೆಯವರಿಗೆ ತೋರಿಸುತ್ತಿದ್ದಷ್ಟು ತಾಳ್ಮೆಯನ್ನೂ ಜುಬೇರ್‌ಗೆ ತೋರಿಸಲಿಲ್ಲ. ನಾಳೆ ಜಾಮೀನು ಅರ್ಜಿ ನ್ಯಾಯಾಲಯಕ್ಕೆ ಬರಲಿತ್ತು. ಅದನ್ನು ತಿರಸ್ಕರಿಸಬೇಕೆಂಬ ಆಕ್ಷೇಪಣೆ ಟೈಪಾಗಿ, ಅವನ ಸಹಿಯೊಂದಕ್ಕೆ ಕಾದು ಮೇಜಿನ ಮೇಲಿತ್ತು.

ಜುಬೇರ್‌ನ ತಾಯಿ ಖತೀಜಾ ಬೀ ಪ್ರತಿದಿನ ಬೆಳಿಗ್ಗೆ ಸ್ಟೇಷನ್ನಿನ ಗೇಟಿನ ಬಳಿ ಬಂದು ನಿಲ್ಲುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ. ಉಮರ್ ದಾಟಿ ಹೋಗುವಾಗ ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಳ್ಳುತ್ತಿದ್ದಳು, ಅಷ್ಟೇ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ಕಾಫಿ ಕುಡೀರಿ ಸ್ವಾಮಿ.”

ಸಿದ್ದಗಂಗಮ್ಮ ಎರಡು ಲೋಟ ಹಿಡಿದು ಜಗುಲಿ ಇಳಿದು ಬಂದಳು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ಒಂದು ಲೋಟವನ್ನು ಉಮರ್‌ಗೆ ಎರಡೂ ಕೈಯಲ್ಲಿ ಕೊಟ್ಟಳು. ಇನ್ನೊಂದನ್ನು ಶಿವಣ್ಣನತ್ತ ಚಾಚಿ, “ತಗೋ, ಇದು ಬೆಲ್ಲ ಹಾಕ್ದೇ ಇರೋದು” ಎಂದಳು. ಒಂದು ಕ್ಷಣ ತಡೆದು, “ತಗೊಳ್ಳಿ” ಎಂದು ತಿದ್ದಿಕೊಂಡಳು.

ಸಮವಸ್ತ್ರದವನಿಗೆ ಏಕವಚನ. ಅದು ಉಮರ್‌ನ ಕಿವಿಗೆ ತಾಗಿತು; ಆದರೆ ಅವನ ಮನಸ್ಸು ಅಂಗೈಯ ಕಾಳಿನ ಮೇಲಿತ್ತು.

“ಸಿದ್ದಗಂಗಮ್ಮ, ಇದೇನು?”

ಅವಳು ಕಾಳನ್ನು ನೋಡಿದಳು. ಅನಂತರ ಶಿವಣ್ಣನನ್ನು ನೋಡಿದಳು.

“ಹುರುಳಿ ಥರ ಕಾಣುತ್ತೆ.”

“ಥರ ಅಲ್ಲ. ಹುರುಳಿಯೇ. ಅವತ್ತು ರಸ್ತೆ ಮೇಲೆ ಹರಡಿದ್ರಾ?”

“ಯಾರಾದ್ರೂ ಮೂಟೆ ತಗೊಂಡು ಹೋಗೋವಾಗ ಚೆಲ್ಲಿರ್ಬೇಕು ಬುಡಿ ಸ್ವಾಮಿ.”

“ಮೂಟೆಯಿಂದ ಚೆಲ್ಲಿದ ಕಾಳು ನಿಮ್ಮ ಮನೆ ಎದುರಿಗೇ ಶುರುವಾಗಿ ಹೊಂಗೆಮರದ ಹತ್ತಿರ ಸರಿಯಾಗಿ ನಿಂತುಹೋಗುತ್ತಾ?”

ಸಿದ್ದಗಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

ಈ ಸೀಮೆಯಲ್ಲಿ ಹುರುಳಿ ಕಿತ್ತ ಮೇಲೆ ಕಣ ಮಾಡುವವರು ಕಡಿಮೆ. ಬಳ್ಳಿಯನ್ನು ತಂದು ಟಾರು ರಸ್ತೆಗೆ ಹಾಸಿದರೆ ಬಸ್ಸು, ಲಾರಿಗಳೇ ಒಕ್ಕಣೆ ಮಾಡಿ ಹೋಗುತ್ತವೆ. ಹೋದ ತಿಂಗಳು ಬೈಕೊಂದು ಹುರುಳಿಯ ಮೇಲೆ ಜಾರಿ ಬಿದ್ದ ಬಳಿಕ, ಇನ್ನು ಮುಂದೆ ರಸ್ತೆಯಲ್ಲಿ ಒಕ್ಕಣೆ ಮಾಡಿದವರ ಮೇಲೆ ಕೇಸು ಹಾಕಲಾಗುವುದೆಂದು ಊರೂರಿಗೆ ತಮಟೆ ಹೊಡೆಸಲಾಗಿತ್ತು. ಹೊಡೆಸಿದವನು ಉಮರ್.

“ನಿಮ್ಮ ಮೇಲೆ ಒಕ್ಕಣೆಯ ಕೇಸು ಹಾಕೋಕೆ ಬಂದಿಲ್ಲ ನಾನು” ಎಂದ ಅವನು. “ಒಬ್ಬ ಹುಡುಗ ಜೈಲಲ್ಲಿದಾನೆ. ಅವನು ನಿಜ ಹೇಳಿದ್ನೋ ಸುಳ್ಳು ಹೇಳಿದ್ನೋ, ಅಷ್ಟು ಹೇಳಿ ಸಾಕು.”

ಅವಳ ಕಣ್ಣು ತುಂಬಿದವು.

“ಹಾಕಿದ್ದೆ ಕಣ್ರೀ ಸ್ವಾಮಿ. ಇಲ್ಲಿಂದ ಹೊಂಗೆಮರದ್ ತಂಕ. ಆಮೇಲೆ ಹೆಣ ಬಿತ್ತಲ್ಲ... ನನ್ ತಲೆ ಮೇಲೆ ಬತ್ತದೆ ಅಂತ ದಡದಡನೆ ಬಳಿದು ಹಿತ್ತಲಿಗೆ ಹಾಕ್ಬುಟ್ವಿ.”

“ಬುಟ್ವಿ? ಯಾರ್ಯಾರು?”

“ನಾನೇ ಸ್ವಾಮಿ.”

ಶಿವಣ್ಣ ನಡುವೆ ಬಾಯಿ ಹಾಕಿದ. “ಈ ಕಡೆ ಒಬ್ರೇ ಇದ್ರೂ ಹಂಗೇ ಮಾತು ಸಾರ್. ನಮ್ಮನೇಲಿ, ನಮ್ಮೂರಲ್ಲಿ...”

ಅದು ಸುಳ್ಳೇನೂ ಆಗಿರಲಿಲ್ಲ. ಉಮರ್ ಮುಂದುವರಿದ.

“ಅವತ್ತು ನೀವು ಹೇಳಿದ ಮಾತು ಇನ್ನೊಂದ್ಸಲ ಹೇಳಿ.”

“ಬಿಳಿ ವ್ಯಾನು ಭಾರಿ ವೇಗವಾಗಿ ಬಂತು ಸ್ವಾಮಿ. ಬಂದು ಗುದ್ದಿ, ದಾಟಿ ಹೊರಟೇ ಹೋಯ್ತು.”

“ನೀವು ಜಗುಲಿ ಮೇಲೆ ಕೂತಿದ್ರಿ.”

ಸಿದ್ದಗಂಗಮ್ಮ ಜಗುಲಿಯತ್ತ ತಿರುಗಿ ನೋಡಿದಳು.

“ರಸ್ತೆಯಲ್ಲಿ ಹುರುಳಿ ಹಾಕಿದವರು ಜಗುಲಿ ಮೇಲೆ ಕೂರ್ತಾರಾ ಸಿದ್ದಗಂಗಮ್ಮ? ಒಂದೊಂದು ಗಾಡಿ ಹೋದ ಮೇಲೂ ಬಳ್ಳಿ ಮಗುಚಿ ಹಾಕ್ಬೇಕಲ್ಲ. ಎಲ್ಲಿದ್ರಿ ನೀವು?”

ಅವಳು ಕೈ ಎತ್ತಲಿಲ್ಲ. ಗದ್ದದಿಂದಲೇ ಹೊಂಗೆಮರವನ್ನು ತೋರಿಸಿದಳು.

ಉಮರ್ ನಲವತ್ತು ಮಾರನ್ನೂ ನಡೆದು ಮರದ ಕೆಳಗೆ ನಿಂತ. ಹಿಂದಿರುಗಿ ಅಮ್ಮಸಂದ್ರದ ಕಡೆ ಮುಖ ಮಾಡಿದ. ಮನಸ್ಸಿನಲ್ಲೇ ಒಂದು ಬಿಳಿ ವ್ಯಾನನ್ನು ತನ್ನತ್ತ ಓಡಿಸಿದ.

‘ಬಂತು.’

ಜಗುಲಿಯ ಮೇಲೆ ಕೂತವಳಿಗೆ ‘ಬಂತು’ ಎಂದರೆ ದಂಡಿನಶಿವರದ ಕಡೆಯಿಂದ. ಆ ಮಧ್ಯಾಹ್ನ ಜುಬೇರ್ ಬಿಳಿ ವ್ಯಾನಿನಲ್ಲಿ ಬಂದದ್ದು ಆ ದಿಕ್ಕಿನಿಂದ. ಅದನ್ನು ಅವನೂ ಅಲ್ಲಗಳೆದಿರಲಿಲ್ಲ. ಆದರೆ ಮರದ ಕೆಳಗೆ ನಿಂತವಳಿಗೆ ‘ಬಂತು’ ಎಂದರೆ ಅಮ್ಮಸಂದ್ರದ ಕಡೆಯಿಂದ. ಮಾತು ಅದೇ. ರಸ್ತೆ ಅದೇ. ಆಡಿದವಳು ನಿಂತ ಜಾಗ ಬದಲಾದ ಕೂಡಲೇ ಗಾಡಿಯ ಮೂತಿ ತಿರುಗಿತ್ತು.

ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಇದನ್ನು ಎಷ್ಟು ಸಲ ಹೇಳಿಕೊಟ್ಟಿದ್ದರು! ಜವಕ್ಕೆ ದಿಕ್ಕಿಲ್ಲ, ವೇಗಕ್ಕೆ ದಿಕ್ಕುಂಟು. ಇಷ್ಟು ಹೊತ್ತಿಗೆ ಇಷ್ಟು ದೂರ ಎಂದರೆ ಅದು ಬರೀ ಜವ. ಯಾವ ಬಿಂದುವಿನಿಂದ, ಯಾವ ಕಡೆಗೆ ಎಂದೂ ಹೇಳಿದರೆ ಮಾತ್ರ ವೇಗ. ಸಂತೆಯ ಮಾತಿನಲ್ಲಿ ಎರಡೂ ಒಂದೇ. ಸಿದ್ದಗಂಗಮ್ಮ ‘ವೇಗ’ ಎಂದದ್ದು ಜವವನ್ನು. ಅವಳಿಗೆ ಅದು ತಿಳಿದಿರಬೇಕಾಗಿರಲಿಲ್ಲ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಕೆಲಸ ಸಿಗುವವರೆಗೆ ಆ ಪಾಠವನ್ನೇ ಟ್ಯೂಷನ್ ಹೇಳಿ ಬದುಕಿದ ಉಮರ್‌ಗೆ ತಿಳಿದಿತ್ತು. ಎಷ್ಟು ಜೋರಾಗಿ ಬಂತು ಎಂದು ಅವನು ಅವಳನ್ನು ಮೂರು ವಿಧದಲ್ಲಿ ಕೇಳಿದ್ದ. ನೀನು ಎಲ್ಲಿ ನಿಂತಿದ್ದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮೂಲಬಿಂದುವನ್ನು ಗುರುತಿಸದೆ ಲೆಕ್ಕ ಬಿಡಿಸಿದ ವಿದ್ಯಾರ್ಥಿಗೆ ಅವನು ಸೊನ್ನೆ ಹಾಕುತ್ತಿದ್ದ. ಇಲ್ಲಿ ಸೊನ್ನೆ ಜುಬೇರ್‌ನ ಪಾಲಿಗೆ ಬಿದ್ದಿತ್ತು.

“ಶಿವಣ್ಣ, ಗಾಡಿ ತಿರುಗಿಸಿ. ದಂಡಿನಶಿವರಕ್ಕೆ. ಮಲ್ಲಿಕಾರ್ಜುನಯ್ಯನವರ ಕೊಬ್ಬರಿ ಶೆಡ್ಡಿಗೆ.”

“ಅವರ್‍ಯಾಕೆ ಸಾರ್? ಪಾಪ, ದೊಡ್ಡರಂಗಯ್ಯನ್ನ ತಮ್ಮ ವ್ಯಾನಲ್ಲಿ ಎತ್ಕೊಂಡು ಹೋಗಿ ಆಸ್ಪತ್ರೆಗೆ ಸೇರ್ಸಿದೋರು.”

“ಅದಕ್ಕೇ. ಅವತ್ತು ಅಮ್ಮಸಂದ್ರದ ಕಡೆಯಿಂದ ಬಂದ ಬಿಳಿ ವ್ಯಾನು ನಮಗೆ ತಿಳಿದಿರೋದು ಒಂದೇ.”

ಜೀಪಿನ ಗೇರು ಒಂದೇ ಸಲಕ್ಕೆ ಬೀಳಲಿಲ್ಲ. ಶಿವಣ್ಣನ ಕೈ ಚಳಿಗೆ ಮರಗಟ್ಟಿರಬೇಕು ಎಂದುಕೊಂಡ ಉಮರ್.

ದಾರಿಯಲ್ಲಿ ಅವನಿಗೆ ಅದೇ ಮೇಷ್ಟ್ರು ಮತ್ತೆ ನೆನಪಾದರು. ಒಮ್ಮೆ ಅವರು ಅವನನ್ನು ಕರಿಹಲಗೆಯಿಂದ ಬಾಗಿಲವರೆಗೆ, ಬಾಗಿಲಿನಿಂದ ಕರಿಹಲಗೆಯವರೆಗೆ ಸಾಕಾಗುವಷ್ಟು ಸಲ ಓಡಿಸಿದ್ದರು.

“ಎಲ್ಲಿಂದ ಹೊರಟೆ?”

“ಇಲ್ಲಿಂದ ಸಾರ್.”

“ಈಗ ಎಲ್ಲಿದೀಯ?”

“ಇಲ್ಲೇ ಸಾರ್.”

“ಹಾಗಾದರೆ ನಿನ್ನ ಸ್ಥಾನಪಲ್ಲಟ ಎಷ್ಟು?”

“ಸೊನ್ನೆ ಸಾರ್.”

“ಮತ್ತೆ ಏದುಸಿರು ಯಾಕೋ ಬಿಡ್ತಿದೀಯಾ?”

ತರಗತಿಯೆಲ್ಲ ನಕ್ಕಿತ್ತು. ಹೊರಟ ಬಿಂದು, ಮುಟ್ಟಿದ ಬಿಂದು ಇವೆರಡನ್ನೇ ನೋಡುವವನಿಗೆ ನಡುವೆ ಓಡಿದ ಓಟ ಕಾಣುವುದಿಲ್ಲ. ಅದು ಕಾಣುವುದು ಏದುಸಿರಿನಲ್ಲಿ.

*

ಮಲ್ಲಿಕಾರ್ಜುನಯ್ಯ ಶೆಡ್ಡಿನ ಬಾಗಿಲಲ್ಲಿ, ಹಣೆಯ ತುಂಬ ವಿಭೂತಿ ಧರಿಸಿ, ರಾಶಿ ಕಾಯಿಗಳ ನಡುವೆ ಕೂತಿದ್ದರು. ಅರವತ್ತರ ಹತ್ತಿರದ ವಯಸ್ಸು. ವರ್ಷವಿಡೀ ಅಟ್ಟದ ಮೇಲೆ ಒಣಗಿ ಇಳಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಬಿಟ್ಟುಕೊಂಡಿದ್ದರೆ ಲೊಟಲೊಟ ಎನ್ನುತ್ತದೆ. ಅದನ್ನು ಒಡೆಯುವ ರಾಶಿಗೆ. ಶಬ್ದ ಬರದಿದ್ದರೆ ಮತ್ತೆ ಅಟ್ಟಕ್ಕೆ.

“ಬನ್ನಿ ಸಾಹೇಬ್ರೇ. ಒಂದು ಎಳನೀರು ಕೆತ್ತಿಸ್ಲಾ?”

“ಬೇಡ ಸ್ವಾಮಿ. ಶಾಲು ಹೊದಿಸ್ತೀವಿ ಅಂದ್ರೆ ಬೇಡ ಅಂದ್ರಂತೆ? ಊರೆಲ್ಲ ನಿಮ್ಮದೇ ಮಾತು.”

“ಎಂಥದು ಬಿಡಿ. ಮನುಷ್ಯ ಮನುಷ್ಯಂಗೆ ಮಾಡೋದು.” ಅವರು ಕಾಯಿಯತ್ತಲೇ ನೋಡುತ್ತಿದ್ದರು. “ಜೀವ ಉಳೀಲಿಲ್ವಲ್ಲ.”

ಉಮರ್ ಎದುರಿಗಿದ್ದ ಮಣೆ ಎಳೆದುಕೊಂಡು ಕೂತ. ಶಿವಣ್ಣ ಹೊರಗೆ ಜೀಪಿನಲ್ಲೇ ಉಳಿದಿದ್ದ.

“ನನ್ನ ಲೆಕ್ಕ ಸರಿಯಿದೆಯಾ ಅಂತ ನೋಡೋಕೆ ಬಂದೆ. ಅವತ್ತು ಅಮ್ಮಸಂದ್ರದಿಂದ ಹೊರಟಿರಿ. ದಾರಿಯಲ್ಲಿ ದೊಡ್ಡರಂಗಯ್ಯ ಬಿದ್ದಿದ್ದ. ಎತ್ತಿ ಗಾಡಿಗೆ ಹಾಕ್ಕೊಂಡಿರಿ. ನೇರ ಇಲ್ಲಿನ ಆಸ್ಪತ್ರೆಗೆ ಬಂದಿರಿ. ಅಷ್ಟೇ ತಾನೆ?”

“ಅಷ್ಟೇ.”

“ರಸ್ತೆ ಮೇಲೆ ಏನಾದರೂ ಹರಡಿತ್ತಾ?”

“ಏನೂ ಇರ್ಲಿಲ್ಲ. ಬೋಳು ರಸ್ತೆ.”

ಉತ್ತರ ತಡವಿಲ್ಲದೆ ಬಂತು. ಸುಳ್ಳಿನ ಬಣ್ಣ ಅದಕ್ಕಿರಲಿಲ್ಲ. ಉಮರ್‌ಗೆ ಒಂದು ಕ್ಷಣ ತಾನು ಮತ್ತೊಮ್ಮೆ ತಪ್ಪುತ್ತಿದ್ದೇನೆಯೇ ಎಂಬ ಭಯವಾಯಿತು.

“ಗಾಡಿ ನೋಡಬಹುದಾ?”

“ಹಿಂದಿದೆ. ಅವತ್ತಿಂದ ತೆಗೆದಿಲ್ಲ. ಅದರೊಳಗೆ ಕೂರೋಕೆ ಆಗ್ತಿಲ್ಲ ನನಗೆ.”

ಬಿಳಿ ವ್ಯಾನು ಶೆಡ್ಡಿನ ಹಿಂಬದಿಯಲ್ಲಿ ತಾಡಪಾಲು ಹೊದ್ದು ನಿಂತಿತ್ತು. ಉಮರ್ ಟೋಪಿ ತೆಗೆದಿಟ್ಟು, ಸಿಪ್ಪೆಯ ನಾರು ತುಂಬಿದ ನೆಲದ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ಜರುಗಿದ. ಚಿಕ್ಕಂದಿನಲ್ಲಿ ತಂದೆಗೆ ಸ್ಪ್ಯಾನರ್ ಕೊಡುತ್ತ ಹೀಗೆ ಎಷ್ಟು ಮಧ್ಯಾಹ್ನಗಳನ್ನು ಕಳೆದಿದ್ದನೋ. ಪಕ್ಕದಲ್ಲಿ ಜುಬೇರ್ ಇರುತ್ತಿದ್ದ.

ಟಾರ್ಚಿನ ಬೆಳಕು ಹಿಂದಿನ ಚಕ್ರಗಳಿಗೆ ಓಟ ಕೊಡುವ ಉದ್ದನೆಯ ಶಾಫ್ಟಿನ ಮೇಲೆ ನಿಂತಿತು. ಅದರ ಸುತ್ತ ಹಗ್ಗದಂತೆ ಹೊಸೆದುಕೊಂಡು ಒಣಗಿದ ಬಳ್ಳಿ. ನಡುನಡುವೆ ಕುಡುಗೋಲಿನಂತೆ ಬಾಗಿದ ಕಿರುಕಾಯಿಗಳು.

ಹೊರಗೆ ಬಂದಾಗ ಅವನ ಕೈಯಲ್ಲಿ ಆ ಬಳ್ಳಿಯ ಒಂದು ಸಿಂಬಿಯಿತ್ತು.

“ಬೋಳು ರಸ್ತೆಯ ಮೇಲೆ ಬಂದ ಗಾಡಿಗೆ ಹುರುಳಿ ಹೇಗೆ ಸುತ್ತಿಕೊಳ್ತು ಸ್ವಾಮಿ?”

ಮಲ್ಲಿಕಾರ್ಜುನಯ್ಯ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಡಲು ಮರೆತಿದ್ದರು.

“ಬೇರೆ ಕಡೆ ಹತ್ತಿರಬಹುದು. ಈ ತಿಂಗಳಲ್ಲಿ ಯಾವ ರಸ್ತೇಲಿ ಹುರುಳಿ ಇರಲ್ಲ?”

“ನಿಜ. ಇದೊಂದೇ ಆಗಿದ್ದರೆ ನಾನು ಎಳನೀರು ಕುಡಿದು ಹೋಗ್ತಿದ್ದೆ.” ಉಮರ್ ಸಿಂಬಿಯನ್ನು ಬಾನೆಟ್ಟಿನ ಮೇಲಿಟ್ಟ. “ಅಮ್ಮಸಂದ್ರದ ರೈಲ್ವೆ ಗೇಟಿನವನು ನಿಮ್ಮನ್ನು ಕಂಡದ್ದು ಅವನ ಹೇಳಿಕೆಯಲ್ಲೇ ಇದೆ. ಪ್ಯಾಸೆಂಜರ್ ಹೋಗಿ ಗೇಟು ಎತ್ತಿದಾಗ ಮೊದಲು ದಾಟಿದ ಗಾಡಿ ನಿಮ್ಮದು. ಅಲ್ಲಿಂದ ಆಸ್ಪತ್ರೆ ಹತ್ತು ಕಿಲೋಮೀಟರೂ ಇಲ್ಲ. ಹುಷಾರಾಗಿ ಬಂದರೂ ಕಾಲು ಗಂಟೆ. ಆಸ್ಪತ್ರೆ ರಿಜಿಸ್ಟರ್ ಪ್ರಕಾರ ನಿಮಗೆ ಒಂದು ಗಂಟೆ ಹಿಡಿದಿದೆ. ಸಾಯ್ತಿರೋ ಮನುಷ್ಯನನ್ನು ಮಲಗಿಸಿಕೊಂಡ ಗಾಡಿ ಸೈಕಲ್ಲಿಗಿಂತ ನಿಧಾನವಾಗಿ ಬಂತಾ?”

“ಎತ್ತೋಕೆ ಹೊತ್ತಾಯ್ತು. ನಾನೊಬ್ನೇ.”

“ಎತ್ತೋಕೆ ಮುಕ್ಕಾಲು ಗಂಟೆ?”

ಲೊಟಲೊಟ. ಮಲ್ಲಿಕಾರ್ಜುನಯ್ಯ ಕಾಯಿಯನ್ನು ಅಲ್ಲಾಡಿಸುತ್ತಿರಲಿಲ್ಲ. ಆದರೂ ಒಳಗಿನ ಕೊಬ್ಬರಿ ಸದ್ದು ಮಾಡುತ್ತಿತ್ತು. ಅವರು ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದರು. ಸದ್ದು ಇನ್ನೂ ಹೆಚ್ಚಿತು.

“ಹೊರಟ ಜಾಗ ಅಮ್ಮಸಂದ್ರ, ಮು‌ಟ್ಟಿದ ಜಾಗ ದಂಡಿನಶಿವರ. ಅದರಲ್ಲಿ ನೀವು ಸುಳ್ಳು ಹೇಳಿಲ್ಲ” ಎಂದ ಉಮರ್. ಅವನ ದನಿ ತಗ್ಗಿತ್ತು. “ಸುಳ್ಳು ಇರೋದು ನಡುವೆ. ನೀವು ಆ ಜಾಗಾನ ಒಂದು ಸಲ ದಾಟಿಲ್ಲ. ದಾಟಿ ಮುಂದೆ ಹೋಗಿ, ತಿರುಗಿ ಬಂದಿದೀರಿ. ಮೊದಲು ದಾಟುವಾಗ ಹುರುಳಿ ಇತ್ತು. ಅದು ನಿಮ್ಮ ಶಾಫ್ಟಿಗೆ ಸುತ್ತಿಕೊಂಡಿದೆ. ತಿರುಗಿ ಬರುವ ಹೊತ್ತಿಗೆ ಸಿದ್ದಗಂಗಮ್ಮ ಬಳಿದುಬಿಟ್ಟಿದ್ದಳು; ಅದಕ್ಕೇ ನಿಮಗೆ ರಸ್ತೆ ಬೋಳಾಗಿ ಕಂಡಿತು. ಹಿಂದಿನ ಸೀಟಿನ ರಕ್ತ ನೋಡಿ ನಾವೆಲ್ಲ ನಿಮಗೆ ಕೈ ಮುಗಿದ್ವಿ. ಮುಂದಿನ ಬಂಪರ್ ಯಾರೂ ನೋಡಲಿಲ್ಲ.”

ಅವನು ತಾಡಪಾಲಿನ ಮುಂದಿನ ಅಂಚನ್ನು ಹಿಡಿದ. ಎತ್ತಲಿಲ್ಲ.

“ಎತ್ತಲಾ? ನೀವೇ ಹೇಳ್ತೀರಾ?”

“ರಹೀಮಣ್ಣನ ಮಗ ನೀನು.” ಮಲ್ಲಿಕಾರ್ಜುನಯ್ಯನವರ ಬಾಯಲ್ಲಿ ‘ಸಾಹೇಬ್ರೇ’ ಬಿದ್ದುಹೋಗಿತ್ತು. “ನಿಮ್ಮಪ್ಪ ಈ ಗಾಡಿಗೆ ಎಷ್ಟು ಸಲ ಕೈ ಹಾಕಿಲ್ಲ. ನಿನ್ನ ಹತ್ರ ಹೆಂಗಪ್ಪಾ ಹೇಳ್ಲಿ?”

“ಜುಬೇರ್‌ನೂ ಹಾಕಿದಾನೆ ಕೈ. ಅವನನ್ನ ಒಳಗೆ ಕಳಿಸಿದ್ದು ನನ್ನ ತಪ್ಪು. ಅದನ್ನ ನಾಳೆ ಕೋರ್ಟಲ್ಲಿ ನಾನೇ ನಿಂತು ಹೇಳ್ತೀನಿ. ಆದರೆ ನಾಳೆ ಸಂಜೆಯೂ ಅವನು ಒಳಗೇ ಉಳಿದರೆ, ಆ ತಪ್ಪು ನನ್ನೊಬ್ಬನದಲ್ಲ.”

ಕಾಯಿ ಅವರ ಕೈಯಿಂದ ಜಾರಿ ನೆಲದ ಮೇಲೆ ಉರುಳಿತು.

“ಅಡ್ಡ ಬಂದ ಕಣಪ್ಪ” ಎಂದರು. “ಬೇಕು ಅಂತ ಅಲ್ಲ. ತೋಟದ ಕಾಲುದಾರಿಯಿಂದ ಸೈಕಲ್ ತಳ್ಕೊಂಡು ಟಾರಿಗೆ ಹತ್ತಿದ. ಬ್ರೇಕ್ ಒತ್ತಿದೆ. ಹುರುಳಿ ಮೇಲೆ ಗಾಡಿ ನಿಲ್ಲುತ್ತಾ? ಬೆಣ್ಣೆ ಮೇಲೆ ಜಾರಿದಂಗೆ ಹೋಯ್ತು. ಶಬ್ದ ಕೇಳ್ಸಿತು. ನಿಲ್ಲಿಸ್ಬೇಕಾಗಿತ್ತು. ಕಾಲು ಬ್ರೇಕ್ ಮೇಲಿತ್ತು, ತಾನಾಗೇ ಎದ್ದು ಆಕ್ಸಿಲೇಟರ್ ಮೇಲೆ ಹೋಯ್ತು.”

“ಎಲ್ಲಿವರೆಗೆ ಹೋದಿರಿ?”

“ಕೆರೆ ಏರಿ ತನಕ. ಏರಿ ಮೇಲೆ ನಿಲ್ಸಿ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕೊರಳಲ್ಲಿರೋ ಲಿಂಗ ಹಿಡ್ಕೊಂಡೆ, ಕೈ ಸುಟ್ಟಂಗಾಯ್ತು. ತಿರುಗಿಸಿದೆ. ಬದುಕಿದ್ದ ಇನ್ನೂ. ದಾರೀಲಿ ನನ್ನ ಹೆಸರು ಹಿಡಿದು ಕರೆದ. ‘ದೇವರಂಗೆ ಬಂದ್ರಿ ಅಯ್ನೋರೇ’ ಅಂದ. ಅದೇ ಅವನ ಕಡೇ ಮಾತು.”

ಅವರು ಮುಖ ಮುಚ್ಚಿಕೊಂಡರು. ಒಳಗೆ ಆಳುಗಳು ಕರಟ ಒಡೆಯುವ ಸದ್ದು ಒಂದೇ ಸಮನೆ ಬರುತ್ತಿತ್ತು.

ಉಮರ್‌ಗೆ ಗೆಲುವಿನ ಯಾವ ಭಾವವೂ ಬರಲಿಲ್ಲ. ಲೆಕ್ಕ ತಾಳೆಯಾಗಿತ್ತು, ಅಷ್ಟೇ. ಖತೀಜಾ ಬೀ ಎದುರಿಗೆ ನಿಂತು ಯಾವ ಮಾತಿನಿಂದ ಆರಂಭಿಸುವುದು ಎಂಬುದು ಮಾತ್ರ ತಾಳೆಯಾಗದೆ ಉಳಿದಿತ್ತು.

“ಏಳಿ ಸ್ವಾಮಿ. ಸ್ಟೇಷನ್ನಿಗೆ ಹೋಗೋಣ. ಇದನ್ನೇ ಅಲ್ಲಿ ಹೇಳಿ.”

“ಹೇಳ್ತೀನಿ. ಆದ್ರೆ ಒಂದು ಮಾತು ನನಗೆ ತಿಳೀಬೇಕು. ಅವತ್ತಿಂದ ನಿದ್ದೆ ಇಲ್ಲ.” ಮಲ್ಲಿಕಾರ್ಜುನಯ್ಯ ಕೈ ತೆಗೆದರು. ಕಣ್ಣು ಕೆಂಪಾಗಿದ್ದವು. “ನಾನು ಅವನನ್ನ ಬೀಳಿಸಿದ್ದು ಹುರುಳಿ ಮೇಲೆ. ಆ ಹೆಂಗಸಿನ ಮನೆ ಎದುರಿಗೆ. ತಿರುಗಿ ಬಂದಾಗ ಅವನು ಅಲ್ಲಿರ್ಲಿಲ್ಲ.”

“ಅಂದ್ರೆ?”

“ಹೊಂಗೆಮರದಿಂದ ಈಚೆಗಿದ್ದ. ಸೈಕಲ್ಲೂ ಅಲ್ಲೇ. ಕಾಲು ಮುರಿದೋನು ನಲವತ್ತು ಮಾರು ನಡೀತಾನಾ ಉಮರ್?”

ಸಿದ್ದಗಂಗಮ್ಮನ ಮಾತು ಅದೇ ಕ್ರಮದಲ್ಲಿ ಉಮರ್‌ನ ಕಿವಿಯಲ್ಲಿ ಮರಳಿತು. ಬಂತು. ಗುದ್ದಿತು. ದಾಟಿ ಹೋಯಿತು. ಮೊದಲು ಗುದ್ದಿ, ಅನಂತರ ಅವಳನ್ನು ದಾಟಿತ್ತು. ಸುಣ್ಣದ ಗೆರೆಯಿದ್ದ ಜಾಗದಲ್ಲಿ ಗುದ್ದಿದ್ದರೆ, ಮರದ ಕೆಳಗೆ ನಿಂತವಳನ್ನು ವ್ಯಾನು ಮೊದಲೇ ದಾಟಿರಬೇಕಿತ್ತು. ಅವನು ಅದನ್ನು ಕೇಳಿಸಿಕೊಂಡಿದ್ದ, ಗಮನಿಸಿರಲಿಲ್ಲ.

ಗಾಡಿಯ ಸ್ಥಾನಪಲ್ಲಟವನ್ನೇ ಅವನು ಲೆಕ್ಕ ಹಾಕುತ್ತ ಕೂತಿದ್ದ. ಯಾರೋ ಬದುಕಿದ್ದ ಮನುಷ್ಯನನ್ನೇ ಪಲ್ಲಟಗೊಳಿಸಿದ್ದರು. ಅವನನ್ನು ಆಸ್ಪತ್ರೆಯ ಕಡೆಗಲ್ಲ, ಹುರುಳಿಯಿಲ್ಲದ ರಸ್ತೆಗೆ ಒಯ್ದಿದ್ದರು. ಅವನು ನರಳುತ್ತಿರುವಾಗ ಹುರುಳಿ ಬಳಿದಿದ್ದರು.

ಬಳಿದು ಹಾಕ್ಬುಟ್ವಿ.

“ಅವಳೊಬ್ಬಳಿಂದ ಆಗೋ ಕೆಲಸ ಅಲ್ಲ ಅದು” ಎಂದ ಅವನು, ತನಗೇ ಹೇಳಿಕೊಂಡಂತೆ.

“ಅಲ್ಲ.” ಮಲ್ಲಿಕಾರ್ಜುನಯ್ಯ ಎದ್ದರು. ಅಟ್ಟದ ಏಣಿ ಹತ್ತಿ, ಕಾಯಿಗಳ ಸಂದಿಗೆ ಕೈ ಹಾಕಿ, ಗೋಣಿಯಲ್ಲಿ ಸುತ್ತಿದ ಗಂಟೊಂದನ್ನು ಇಳಿಸಿದರು. “ಅವನ ತಲೆ ಕೆಳಗೆ ಮಡಚಿ ಇಟ್ಟಿದ್ರು ಇದನ್ನ. ಮೆತ್ತಗಿರ್ಲಿ ಅಂತ. ಇದನ್ನ ನೋಡಿ ಜೀವ ಹಾರಿಹೋಯ್ತು ನನಗೆ. ಎಲ್ಲಾ ನೋಡಿದೋರು ಒಬ್ರು ಇದಾರೆ, ಅದೂ ನಿಮ್ಮವರೇ, ಇವತ್ತು ಬತ್ತಾರೆ, ನಾಳೆ ಬತ್ತಾರೆ ಅಂತ ಕಾಯ್ತಾ ಕೂತಿದ್ದೆ. ಯಾರೂ ಬರ್ಲಿಲ್ಲ. ಜುಬೇರ್‌ನ ಹಿಡಿದ್ರು.”

ಉಮರ್ ಗೋಣಿ ಬಿಡಿಸಿದ.

ಖಾಕಿ ಸ್ವೆಟರ್. ಕೊರಳಿನ ಹತ್ತಿರ ರಕ್ತ ಕಪ್ಪಾಗಿ ಗಟ್ಟಿಯಾಗಿತ್ತು. ಬಲಗೈ ಮೊಣಕೈಯಲ್ಲಿ ಹರಿದದ್ದನ್ನು ಯಾರೋ ಕಪ್ಪು ದಾರದಿಂದ ಸಣ್ಣ ಸಣ್ಣ ಹೊಲಿಗೆ ಹಾಕಿ ಕೂಡಿಸಿದ್ದರು. ಆ ಮೊಣಕೈಯನ್ನು ಉಮರ್ ಚಳಿಗಾಲದುದ್ದಕ್ಕೂ ಪ್ರತಿದಿನ ಜೀಪಿನ ಸ್ಟಿಯರಿಂಗಿನ ಪಕ್ಕದಲ್ಲಿ ನೋಡಿದ್ದ.

ತಗೋ, ಇದು ಬೆಲ್ಲ ಹಾಕ್ದೇ ಇರೋದು. ಪೊಲೀಸಿನವನಿಗೆ ಸಕ್ಕರೆ ಕಾಯಿಲೆಯಿರುವುದು ಸಾಕ್ಷಿ ಹೇಳುವ ಹೆಂಗಸಿಗೆ ತಿಳಿದಿರುವುದಿಲ್ಲ; ಒಡಹುಟ್ಟಿದವಳಿಗೆ ತಿಳಿದಿರುತ್ತದೆ. ಅಂದು ಮೊದಲು ಸ್ಥಳಕ್ಕೆ ಹೋಗಿದ್ದವನು ಶಿವಣ್ಣನೇ. ಸುಣ್ಣದ ಗೆರೆ ಎಳೆದವನು ಅವನೇ. ‘ಜಗುಲಿ ಮೇಲೆ ಕೂತಿದ್ಲಂತೆ ಸಾರ್’ ಎಂದು ಹೇಳಿದವನೂ ಅವನೇ.

ಉಮರ್ ಸ್ವೆಟರನ್ನು ಮತ್ತೆ ಗೋಣಿಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಮಲ್ಲಿಕಾರ್ಜುನಯ್ಯನವರ ತೋಳು ಹಿಡಿದು ಶೆಡ್ಡಿನಿಂದ ಹೊರಗೆ ಬಂದ.

ಶಿವಣ್ಣ ಬರಿ ಅಂಗಿಯಲ್ಲಿ, ನಡುಗುತ್ತ ಕೂತಿದ್ದ. ಅವನ ನೋಟ ಮೊದಲು ಮಲ್ಲಿಕಾರ್ಜುನಯ್ಯನವರ ಮುಖಕ್ಕೆ ಹೋಯಿತು. ಅಲ್ಲಿಂದ ಉಮರ್‌ನ ಕಂಕುಳಿಗೆ. ಗೋಣಿಯ ಸಂದಿಯಿಂದ ಇಣುಕುತ್ತಿದ್ದ ಕಪ್ಪು ದಾರದ ಹೊಲಿಗೆಗೆ. ಅಲ್ಲೇ ನಿಂತಿತು.

ಅನಂತರ ಶಿವಣ್ಣ ಕೈ ಚಾಚಿ ಕೀಲಿ ತಿರುಗಿಸಿದ. ಎಂಜಿನ್ ಗುರುಗುಟ್ಟಿತು. ಮುಖ ತಿರುಗಿಸದೆ, ನೇರ ರಸ್ತೆಯನ್ನೇ ನೋಡುತ್ತ ಅವನು ಕೇಳಿದ:

“ಯಾವ ಕಡೆಗೆ ಸಾರ್?”